ಅಲೆಯ ಪಾಠ ಕೆರೆಯಿಂದ ಶುರುವಾಗಲಿ



ಈ ಸಲದ ಗೋಡೆ ಪತ್ರಿಕೆಯಲ್ಲಿ ‘ನನ್ನ ಅಭಿಪ್ರಾಯ’ ಬರೆಯುವ ಸರದಿ ನನ್ನದು. ಹೋದ ಸಂಚಿಕೆಯಲ್ಲಿ ಆಟದ ಪಿರಿಯಡ್ಡಿನ ಬಗ್ಗೆ ಬಂದಿತ್ತು. ಅದಕ್ಕೂ ಮೊದಲು ಬಿಸಿಯೂಟದ ತಟ್ಟೆ ತೊಳೆಯುವ ಬಗ್ಗೆ ಬಂದಿತ್ತು. ನಾನು ವಿಜ್ಞಾನದ ಪಾಠದ ಬಗ್ಗೆ ಬರೀತೀನಿ ಅಂದಾಗ ಕೆಲವರು ನಕ್ಕರು. ಪೂರ್ತಿ ಓದಿ, ಆಮೇಲೂ ನಗು ಬಂದರೆ ನಗಿ.

ನನ್ನ ಅಭಿಪ್ರಾಯ ಏನೆಂದರೆ, ತರಂಗಗಳ ಪಾಠವನ್ನು ಹೆಸರುಗಳಿಂದ ಶುರು ಮಾಡಬಾರದು. ಕಣ್ಣಿಗೆ ಕಾಣುವ ಅಲೆಯಿಂದ ಶುರು ಮಾಡಬೇಕು. ಒಂದೊಂದು ಕಿರಣವೂ ಏನು ಕೆಲಸ ಮಾಡುತ್ತೆ ಅಂತ ಹೇಳಬೇಕು. ಹೆಸರು ಕೊನೆಗೆ ಬಂದರೆ ಸಾಕು. ಯಾಕೆ ಹೀಗೆ ಹೇಳ್ತಿದ್ದೀನಿ ಅನ್ನೋದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯುತ್ತೇನೆ.

2024ರ ಫೆಬ್ರವರಿ 28ರಂದು ನಮ್ಮ ಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸಿದ್ದು ನಿಮಗೆಲ್ಲ ನೆನಪಿರಬಹುದು. ಆಗ ನಾನು ಆರನೇ ತರಗತಿ. ‘ವಿದ್ಯುತ್ಕಾಂತೀಯ ರೋಹಿತ’ ಅಂತ ದೊಡ್ಡ ಚಾರ್ಟ್ ಬರೆದು ತೂಗುಹಾಕಿದ್ದೆವು. ಏಳು ಜನ ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದರ ಬಗ್ಗೆ ಹೇಳಬೇಕಿತ್ತು. ರೇಡಿಯೋ ತರಂಗ, ಸೂಕ್ಷ್ಮ ತರಂಗ, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಕ್ಷ-ಕಿರಣ, ಗಾಮಾ ಕಿರಣ. ನನ್ನ ಪಾಲಿಗೆ ಕ್ಷ-ಕಿರಣ ಬಂದಿತ್ತು. “ಕ್ಷ-ಕಿರಣವು ಅತಿ ಕಡಿಮೆ ತರಂಗದೂರವುಳ್ಳ ವಿದ್ಯುತ್ಕಾಂತೀಯ ತರಂಗವಾಗಿದೆ, ಇದನ್ನು 1895ರಲ್ಲಿ ರಾಂಟ್‌ಜನ್ ಕಂಡುಹಿಡಿದನು” ಅಂತ ಒಂದೇ ಉಸಿರಿಗೆ ಹೇಳಿದೆ. ಚಪ್ಪಾಳೆ ಬಿತ್ತು. ಒಂದು ಪೆನ್ನು ಬಹುಮಾನ ಬಂತು. ಹಿಂದೆ ಕೂತಿದ್ದ ನಮ್ಮಜ್ಜಿಯೂ ಚಪ್ಪಾಳೆ ತಟ್ಟಿದಳು.

ಆ ವರ್ಷದ ಮಳೆಗಾಲದಲ್ಲಿ ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಊದಿಕೊಂಡಿತು. ಅಪ್ಪ ತಾಲ್ಲೂಕು ಆಸ್ಪತ್ರೆಗೆ ಹೋಗೋಣ, ಎಕ್ಸ್‌ರೇ ತೆಗೆಸೋಣ ಅಂದರು. ಅಜ್ಜಿ ಸುತರಾಂ ಒಪ್ಪಲಿಲ್ಲ. “ಎಕ್ಸ್‌ರೇ ತೆಗೆದ್ರೆ ಒಳಗೆಲ್ಲ ಸುಟ್ಟೋಗ್ತದಂತೆ. ಆ ಮೊಬೈಲ್ ಟವರಿಂದ ಬರೋದೂ ಅದೇ ಅಂತೆ” ಅಂದಳು. ಯಾರೋ ಹೇಳಿದ್ದಂತೆ. ಆಮೇಲೆ ನನ್ನ ಕಡೆ ತಿರುಗಿ, “ನೀನು ಇಸ್ಕೂಲಲ್ಲಿ ಹೇಳಿದ್ಯಲ್ಲ, ಹೇಳವ್ವ, ಅದೇನು ಮಾಡ್ತದೆ?” ಅಂತ ಕೇಳಿದಳು.

ನಾನು ಕ್ಷ-ಕಿರಣವು ಅತಿ ಕಡಿಮೆ ತರಂಗದೂರವುಳ್ಳ... ಅಂತ ಶುರು ಮಾಡಿದೆ. ಅಜ್ಜಿ, “ಹೆಸರು ಕೇಳಲಿಲ್ಲ ಕಣೆ, ಅದರ ಕೆಲಸ ಕೇಳಿದೆ” ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಸುಡ್ತದೋ ಇಲ್ವೋ, ಟವರಿನದೂ ಇದೂ ಒಂದೇನೋ ಬೇರೇನೋ, ಯಾವುದೂ ಗೊತ್ತಿರಲಿಲ್ಲ. ಸುಮ್ಮನೆ ನಿಂತೆ.

ಕೊನೆಗೆ ಆಸ್ಪತ್ರೆಗೆ ಹೋಗಲಿಲ್ಲ. ಬಿದಿರು ಕಡ್ಡಿ ಇಟ್ಟು ಪಟ್ಟು ಕಟ್ಟಿಸಿದರು. ಬಿಚ್ಚಿದಾಗ ಕೈ ಸೊಟ್ಟಗಾಗಿತ್ತು. ಈಗಲೂ ಅಜ್ಜಿಗೆ ಮುದ್ದೆ ತಿರುವೋಕೆ ಆಗಲ್ಲ, ತಲೆ ಬಾಚಿ ಗಂಟು ಕಟ್ಟಿಕೊಳ್ಳೋಕೆ ಆಗಲ್ಲ. ದಿನಾ ಬೆಳಗ್ಗೆ ನಾನೇ ಕಟ್ಟೋದು. ಪಟ್ಟು ಕಟ್ಟಿದವರ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಒಳಗೆ ಮೂಳೆ ಹೇಗೆ ಮುರಿದಿದೆ ಅಂತ ಯಾರೂ ನೋಡಲಿಲ್ಲ, ಅಷ್ಟೇ. ನೋಡೋದಕ್ಕೆ ಇದ್ದ ದಾರಿಯ ಹೆಸರು ನನಗೆ ಬಾಯಿಪಾಠವಾಗಿತ್ತು, ಕೆಲಸ ಗೊತ್ತಿರಲಿಲ್ಲ. ಬಹುಮಾನದ ಪೆನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ.

ಇದನ್ನು ವಿಜ್ಞಾನ ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಶನಿವಾರ ಎಲ್ಲರೂ ಕೆರೆ ಹತ್ತಿರ ಬನ್ನಿ, ಬಾವಿ ಹಗ್ಗ ಒಂದು ತನ್ನಿ” ಅಂದರು. ಆ ಶನಿವಾರ ಬರದೇ ಇದ್ದವರಿಗಾಗಿ ಅಲ್ಲಿ ಏನು ನಡೆಯಿತು ಅಂತ ಬರೆಯುತ್ತೇನೆ.

ಬೆಳಗ್ಗೆ ಗಾಳಿ ಇರಲಿಲ್ಲ, ಕೆರೆ ನೀರು ತಟ್ಟೆಯ ಹಾಗೆ ಇತ್ತು. ಮೇಷ್ಟ್ರು, “ಕಲ್ಲು ಹಾಕಿದರೆ ಅಲೆ ದಡಕ್ಕೆ ಬರುತ್ತಲ್ಲ, ಅದರ ಜೊತೆ ಅಲ್ಲಿಯ ನೀರೂ ದಡಕ್ಕೆ ಬರುತ್ತಾ?” ಅಂತ ಕೇಳಿದರು. ನಾವು ಇದ್ದದ್ದು 27 ಜನ. ಬರುತ್ತೆ ಅಂತ 24 ಜನ ಕೈ ಎತ್ತಿದರು. ನಾನೂ ಎತ್ತಿದೆ. ಆಮೇಲೆ ಒಂದು ಒಣ ಹೊಂಗೆ ಎಲೆಯನ್ನು ನೀರಿನ ಮೇಲೆ ಬಿಟ್ಟು ಅದರಾಚೆಗೆ ಕಲ್ಲು ಹಾಕಿದರು. ಬಳೆ ಬಳೆಯಾಗಿ ಅಲೆ ಬಂತು, ಎಲೆಯನ್ನು ದಾಟಿ ನಮ್ಮ ಕಾಲಿನವರೆಗೂ ಬಂತು. ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಕುಣಿದು ಅಲ್ಲೇ ನಿಂತಿತು. ಮತ್ತೆ ಮತ್ತೆ ಕಲ್ಲು ಹಾಕಿದೆವು, ಅದೇ ಆಯಿತು. ಹಾಗಾದರೆ ನಮ್ಮ ಕಾಲಿಗೆ ಬಂದು ತಾಗಿದ್ದು ಕಲ್ಲು ಬಿದ್ದ ಕಡೆಯ ನೀರಲ್ಲ. ಕಲ್ಲಿನ ಪೆಟ್ಟಿನ ಶಕ್ತಿ. ಮನೆ ಕಟ್ಟುವಾಗ ಜನ ಸಾಲಾಗಿ ನಿಂತು ಇಟ್ಟಿಗೆ ಕೈ ಬದಲಾಯಿಸ್ತಾರಲ್ಲ, ಜನ ನಿಂತಲ್ಲೇ ಇರ್ತಾರೆ, ಇಟ್ಟಿಗೆ ಮಾತ್ರ ಮುಂದಕ್ಕೆ ಹೋಗುತ್ತೆ, ಹಾಗೆ ಇದು. ‘ತರಂಗವು ಶಕ್ತಿಯನ್ನು ಸಾಗಿಸುತ್ತದೆ, ಮಾಧ್ಯಮವನ್ನಲ್ಲ’ ಅನ್ನೋ ವಾಕ್ಯವನ್ನು ನಾನು ಮೊದಲೇ ಉರು ಹೊಡೆದಿದ್ದೆ. ಅರ್ಥ ಆಗಿದ್ದು ಆ ಹೊಂಗೆ ಎಲೆ ನೋಡಿದ ಮೇಲೆ.

ಪುಸ್ತಕದಲ್ಲಿ ಅಲೆ ಅಂದ ಕೂಡಲೇ ಸಮುದ್ರದ ಚಿತ್ರ ಇರುತ್ತೆ. ನಮ್ಮಲ್ಲಿ ಸಮುದ್ರ ನೋಡಿದವರು ಇಬ್ಬರೇ. ಕೆರೆ ನೋಡದವರು ಯಾರೂ ಇಲ್ಲ. ಮತ್ತೆ ಸಮುದ್ರವೇ ಯಾಕೆ ಬೇಕು?

ಆಮೇಲೆ ಹಗ್ಗ. ಒಂದು ತುದಿ ಮರಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಆಡಿಸಿದರೆ ಒಂದೇ ದೊಡ್ಡ ಡುಬ್ಬ ಬರುತ್ತೆ. ಬೇಗ ಬೇಗ ಆಡಿಸಿದರೆ ಸಣ್ಣ ಸಣ್ಣ ಡುಬ್ಬ ಬಹಳ ಬರ್ತವೆ. ಒಂದು ಡುಬ್ಬದ ನೆತ್ತಿಯಿಂದ ಮುಂದಿನ ಡುಬ್ಬದ ನೆತ್ತಿಗೆ ಎಷ್ಟು ದೂರವೋ ಅದು ತರಂಗದೂರ. ಸೆಕೆಂಡಿಗೆ ಎಷ್ಟು ಸಲ ಆಡಿತೋ ಅದು ಆವೃತ್ತಿ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆ. ಇವೆರಡನ್ನೂ ನಾನು ವರ್ಷವಿಡೀ ಅದಲುಬದಲು ಮಾಡಿ ಬರೀತಿದ್ದೆ. ಈಗ ಮಾಡಲ್ಲ. ಇನ್ನೊಂದು ವಿಷಯ, ಬೇಗ ಆಡಿಸಿದರೆ ಕೈ ಬೇಗ ಸೋಲ್ತದೆ. ಬೆಳಕಿನಲ್ಲೂ ಇದಕ್ಕೆ ಹೋಲುವ ಒಂದು ಮಾತಿದೆ, ಅದನ್ನು ನೆನಪಿಟ್ಟುಕೊಳ್ಳಿ ಅಂದರು ಮೇಷ್ಟ್ರು.

ಇನ್ನು ರೇಡಿಯೋ. ರೇಡಿಯೋ ತರಂಗ ಅಂದರೆ ಹಾಡೇ ಗಾಳಿಯಲ್ಲಿ ಹಾರಿಕೊಂಡು ಬರುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ತಪ್ಪು. ಶಬ್ದ ಬೇರೆ, ರೇಡಿಯೋ ತರಂಗ ಬೇರೆ. ಇದನ್ನು ನಾನು ಮನೆಯಲ್ಲೇ ಕಂಡುಕೊಂಡೆ. ನಮ್ಮ ತಾತನ ಕಾಲದ ಒಂದು ರೇಡಿಯೋ ಇದೆ, ಸೆಲ್ಲು ಹಾಕಿದರೆ ಓಡುತ್ತೆ. ಒಂದು ಸಂಜೆ ದೂರದಲ್ಲಿ ಗುಡುಗು ಮಿಂಚು ಶುರುವಾದಾಗ ಮನೆಯೊಳಗೆ ಕೂತು ರೇಡಿಯೋವನ್ನು ಮೀಡಿಯಂ ವೇವ್‌ಗೆ ಇಟ್ಟು, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದೆ. ಕಿಟಕಿಯಲ್ಲಿ ಮಿಂಚು ಕಂಡ ಕ್ಷಣವೇ ರೇಡಿಯೋದಲ್ಲಿ ‘ಚಟ್’ ಅಂತ ಸದ್ದಾಯಿತು. ಗುಡುಗು ಮಾತ್ರ ನಾನು 12 ಎಣಿಸಿದ ಮೇಲೆ ಬಂತು.

ಇದರ ಅರ್ಥ ನೋಡಿ. ಒಂದೇ ಮಿಂಚಿನಿಂದ ಮೂರು ಹೊರಟವು. ಬೆಳಕು, ರೇಡಿಯೋ ತರಂಗ, ಶಬ್ದ. ಬೆಳಕೂ ರೇಡಿಯೋ ತರಂಗವೂ ಒಟ್ಟಿಗೇ ಬಂದವು, ಏಕೆಂದರೆ ಅವೆರಡೂ ಒಂದೇ ಜಾತಿ, ಎರಡಕ್ಕೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತೆ, ಕಿಲೋಮೀಟರಿಗೆ ಹೆಚ್ಚುಕಡಿಮೆ 3 ಸೆಕೆಂಡು. 12 ಎಣಿಸಿದೆ ಅಂದರೆ ಸಿಡಿಲು ಸುಮಾರು 4 ಕಿಲೋಮೀಟರ್ ಆಚೆ. ವಿದ್ಯುತ್ಕಾಂತೀಯ ತರಂಗಗಳಿಗೆಲ್ಲ ನಿರ್ವಾತದಲ್ಲಿ ಒಂದೇ ವೇಗ ಅನ್ನೋದನ್ನ ಯಾವ ಚಾರ್ಟೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. (ನೀವೂ ಮಾಡಿ ನೋಡಿ, ಆದರೆ ಮನೆಯೊಳಗೆ ಕೂತು, ಸೆಲ್ಲಿನ ರೇಡಿಯೋದಲ್ಲೇ ಮಾಡಿ. ಬಯಲಿನಲ್ಲೋ ಮರದ ಕೆಳಗೋ ನಿಂತು ಮಾಡಬೇಡಿ.)

ಲೆಕ್ಕವೂ ಮಾಡಬಹುದು. ತಾತ ಬೆಂಗಳೂರು ಆಕಾಶವಾಣಿಗೆ ಮುಳ್ಳು ಇಡುತ್ತಿದ್ದದ್ದು 612ಕ್ಕೆ. 612 ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ 6 ಲಕ್ಷ 12 ಸಾವಿರ ಸಲ ಆಡುವುದು. 3 ಲಕ್ಷ ಕಿಲೋಮೀಟರನ್ನು ಅದರಿಂದ ಭಾಗಿಸಿದರೆ ಒಂದು ಅಲೆ ಸುಮಾರು 490 ಮೀಟರ್ ಉದ್ದ. ನಮ್ಮ ಶಾಲೆ ಗೇಟಿನಿಂದ ಹಾಲಿನ ಡೈರಿಯವರೆಗೆ ಒಂದೇ ಅಲೆ! ಎಫ್.ಎಂ. 100 ಮೆಗಾಹರ್ಟ್ಜ್‌ನಲ್ಲಿ ಅಲೆ 3 ಮೀಟರ್, ನಮ್ಮ ಕಪ್ಪು ಹಲಗೆಯ ಉದ್ದ. 900 ಮೆಗಾಹರ್ಟ್ಜ್‌ನ ಮೊಬೈಲ್ ತರಂಗ 33 ಸೆಂಟಿಮೀಟರ್, ಸ್ಕೇಲಿಗಿಂತ ಸ್ವಲ್ಪ ಉದ್ದ. ಬೆಳಕಿನ ಅಲೆ ಎಷ್ಟು ಚಿಕ್ಕದು ಅಂದರೆ ಹಸಿರು ಬೆಳಕಿನ ಸುಮಾರು 1800 ಅಲೆ ಒಂದು ಮಿಲಿಮೀಟರಿನಲ್ಲಿ ಹಿಡೀತವೆ. ಎಕ್ಸ್‌ರೇ ಅಲೆ ಒಂದು ಪರಮಾಣುವಿನಷ್ಟೋ ಅದಕ್ಕಿಂತ ಚಿಕ್ಕದೋ. ಭಾಗಾಕಾರದ ಲೆಕ್ಕ ಬೇಜಾರು ಅನ್ನೋರು ಈ ಲೆಕ್ಕ ಮಾಡಿ ನೋಡಿ.

ಕಣ್ಣಿಗೆ ಕಾಣದ ಬೆಳಕನ್ನು ನೋಡೋಕೂ ಉಪಾಯ ಇದೆ. ಟಿ.ವಿ. ರಿಮೋಟಿನ ತುದಿಯ ಬಲ್ಬನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಾ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣಲ್ಲ, ಬಹಳಷ್ಟು ಫೋನುಗಳ ಪರದೆಯಲ್ಲಿ ಮಿಣಮಿಣ ಅನ್ನುತ್ತೆ. ಅದೇ ಅವಕೆಂಪು. ಇದನ್ನು 1800ರಲ್ಲಿ ವಿಲಿಯಂ ಹರ್ಷಲ್ ಕಂಡುಹಿಡಿದದ್ದು ಬರೀ ಗಾಜಿನ ಪಟ್ಟಕ ಮತ್ತು ಥರ್ಮಾಮೀಟರ್‌ನಿಂದ. ಕೆಂಪು ಬಣ್ಣದ ಆಚೆ, ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟರೂ ಪಾದರಸ ಏರಿತು.

ನೇರಳಾತೀತ ನೋಡಬೇಕಾದರೆ ಈ ಗೋಡೆಯನ್ನೇ ನೋಡಿ. ಬಾಗಿಲ ಕಡೆ ಬಿಸಿಲು ಬೀಳುವ ಜಾಗದಲ್ಲಿ ಅಂಟಿಸಿದ್ದ ಹಳೆ ಸಂಚಿಕೆಗಳ ಬಣ್ಣದ ಹಾಳೆ ಬೆಳ್ಳಗಾಗಿವೆ. ನೆರಳಿನ ಕಡೆಯವು ಹಾಗೇ ಇವೆ. ಅಡುಗೆ ಒಲೆಯ ಹತ್ತಿರ ಎಷ್ಟು ಬಿಸಿ ಇದ್ದರೂ ಬಟ್ಟೆಯ ಬಣ್ಣ ಹೀಗೆ ಹೋಗಲ್ಲ, ಬಿಸಿಲಿನಲ್ಲಿ ಒಣಹಾಕಿದರೆ ಹೋಗುತ್ತೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬಣ್ಣದ ಅಣುಗಳನ್ನು ಒಡೆಯುತ್ತೆ. ಮೇಷ್ಟ್ರು ನೆನಪಿಟ್ಟುಕೊಳ್ಳಿ ಅಂದದ್ದು ಇಲ್ಲಿ ಬಂತು. ಬೆಳಕು ಪುಟ್ಟ ಪುಟ್ಟ ಪೊಟ್ಟಣಗಳ ಹಾಗೆ ಶಕ್ತಿ ಕೊಡುತ್ತದಂತೆ. ಆವೃತ್ತಿ ಹೆಚ್ಚಾದಷ್ಟೂ ಒಂದೊಂದು ಪೊಟ್ಟಣದ ಶಕ್ತಿ ಹೆಚ್ಚು. ರೇಡಿಯೋ, ಮೊಬೈಲ್ ತರಂಗದ ಪೊಟ್ಟಣ ಬಹಳ ದುರ್ಬಲ, ಅದಕ್ಕೆ ಅಣುವನ್ನು ಒಡೆಯುವ ಶಕ್ತಿ ಇಲ್ಲ, ಬಹಳ ಜೋರಾಗಿದ್ದರೆ ಬಿಸಿ ಮಾಡಬಲ್ಲದು. ಎಕ್ಸ್‌ರೇ ಪೊಟ್ಟಣಕ್ಕೆ ಒಡೆಯುವ ಶಕ್ತಿ ಇದೆ. ಆದ್ದರಿಂದ ಟವರಿನದೂ ಎಕ್ಸ್‌ರೇಯೂ ಒಂದೇ ಕುಟುಂಬ, ಆದರೆ ಗುಣ ಬೇರೆ.

ಹಾಗಾದರೆ ಎಕ್ಸ್‌ರೇ ಸುಡ್ತದಾ? ಅಜ್ಜಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ಎಕ್ಸ್‌ರೇ ಚರ್ಮ ಮಾಂಸವನ್ನು ಸುಲಭವಾಗಿ ದಾಟಿ ಹೋಗುತ್ತೆ. ಮೂಳೆಯಲ್ಲಿ ಸುಣ್ಣದ ಅಂಶ ಇರೋದರಿಂದ ಅಲ್ಲಿ ಬಹಳಷ್ಟು ತಡೆದು ನಿಲ್ಲುತ್ತೆ. ಅದಕ್ಕೇ ಫಿಲಮ್ಮಿನಲ್ಲಿ ಮೂಳೆ ಬೆಳ್ಳಗೆ ಕಾಣೋದು. 1895ರ ಡಿಸೆಂಬರಿನಲ್ಲಿ ರಾಂಟ್‌ಜನ್ ತೆಗೆದ ಹೆಸರಾದ ಚಿತ್ರ ಅವನ ಹೆಂಡತಿಯ ಕೈಯದ್ದು. ಬೆರಳಿನ ಮೂಳೆಯೂ ಉಂಗುರವೂ ಕಾಣುತ್ತವೆ. ತೆಗೆಯುವಾಗ ಬಿಸಿ ಆಗಲ್ಲ, ನೋವಾಗಲ್ಲ. ಹೆಚ್ಚು ಪ್ರಮಾಣದಲ್ಲಿ ಮತ್ತೆ ಮತ್ತೆ ಬಿದ್ದರೆ ಕೆಟ್ಟದ್ದು ಅನ್ನೋದು ನಿಜ. ಅದಕ್ಕೇ ದಿನವಿಡೀ ಅದೇ ಕೆಲಸ ಮಾಡೋರು ಸೀಸದ ಮರೆಯಲ್ಲಿ ನಿಲ್ತಾರೆ. ಹೊಟ್ಟೆಯಲ್ಲಿ ಮಗು ಇರೋರು ಮೊದಲೇ ಹೇಳಬೇಕು. ಆದರೆ ಕೈಯ ಒಂದು ಎಕ್ಸ್‌ರೇಯಲ್ಲಿ ಸಿಗುವ ಪ್ರಮಾಣ ಬಹಳ ಕಡಿಮೆ. ನೆಲದಿಂದಲೂ ಆಕಾಶದಿಂದಲೂ ನಮಗೆಲ್ಲ ಒಂದು ದಿನದಲ್ಲಿ ತಾನಾಗೇ ಸಿಗುವ ವಿಕಿರಣಕ್ಕಿಂತಲೂ ಕಡಿಮೆ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ. ಆದರೆ ದೀಪಾವಳಿ ರಜೆಯಲ್ಲಿ ನನ್ನ ತಮ್ಮ ಸೀಬೆ ಮರದಿಂದ ಬಿದ್ದಾಗ “ಮೊದಲು ಎಕ್ಸ್‌ರೇ ತೆಗೆಸ್ರೋ” ಅಂತ ಕೂಗಿದವಳು ಅಜ್ಜಿಯೇ.

ಈಗ ಕೆಲವರು ಕೇಳಬಹುದು, ಪರೀಕ್ಷೆಯಲ್ಲಿ ವ್ಯಾಖ್ಯೆಯನ್ನೇ ತಾನೇ ಕೇಳೋದು ಅಂತ. ಹೌದು. ವ್ಯಾಖ್ಯೆ ಬೇಡ ಅಂತ ನಾನೂ ಹೇಳಲ್ಲ. ಎಲೆ ನೋಡಿದ ಮೇಲೆ ವ್ಯಾಖ್ಯೆ ಒಂದೇ ಸಲಕ್ಕೆ ನೆನಪಲ್ಲಿ ಉಳಿಯಿತು. ಗುರುಗಳು, ಪಾಠ ಮುಗಿಸೋಕೆ ಸಮಯ ಸಾಲಲ್ಲ, ಸಾಮಾನು ಇಲ್ಲ ಅನ್ನಬಹುದು. ಅದೂ ನಿಜ. ಆದರೆ ಆ ಶನಿವಾರ ನಾವು ಕೆರೆಯಲ್ಲಿ ಇದ್ದದ್ದು ಒಂದೂವರೆ ಗಂಟೆ. ಖರ್ಚು ಏನೂ ಆಗಲಿಲ್ಲ. ಅದಕ್ಕೂ ಮುಂಚೆ ಚಾರ್ಟ್ ಬರೆಯೋಕೆ, ಉರು ಹೊಡೆಯೋಕೆ ನಮಗೆ ಮೂರು ದಿನ ಹಿಡಿದಿತ್ತು.

ಫೆಬ್ರವರಿ 28 ಯಾಕೆ ವಿಜ್ಞಾನ ದಿನ? 1928ರಲ್ಲಿ ಸರ್ ಸಿ.ವಿ. ರಾಮನ್ ತಮ್ಮ ರಾಮನ್ ಪರಿಣಾಮವನ್ನು ಪ್ರಕಟಿಸಿದ ದಿನ ಅದು. ಅದೂ ಬೆಳಕಿನದೇ ವಿಷಯ. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಸಮುದ್ರ ಯಾಕೆ ನೀಲಿ ಅಂತ ಅವರಿಗೆ ಪ್ರಶ್ನೆ ಬಂದಿತ್ತು, ಅಲ್ಲಿಂದ ಬೆಳಕಿನ ಹಿಂದೆ ಬಿದ್ದರು. ಜಗದೀಶ ಚಂದ್ರ ಬೋಸರು 1890ರ ದಶಕದಲ್ಲಿ ಕೊಲ್ಕತ್ತಾದಲ್ಲಿ ಜನರೆದುರೇ ತಂತಿ ಇಲ್ಲದೆ ದೂರದ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದರು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅನ್ನೋ ಮೇಷ್ಟ್ರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅಂತ ಹೆಸರಾದದ್ದು ಆ ಕೇಂದ್ರವೇ. ಅವರು ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರ! ಇವರಲ್ಲಿ ಯಾರೂ ಸಾಲಾಗಿ ನಿಂತು ಹೆಸರು ಹೇಳಿ ದೊಡ್ಡವರಾಗಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ಬೇಡಿಕೆ ಮೂರು.

1. ತರಂಗದ ಪಾಠ ಯಾವ ತರಗತಿಯಲ್ಲಿ ಬಂದರೂ ಮೊದಲನೇ ದಿನ ಕೆರೆ, ಎರಡನೇ ದಿನ ಹಗ್ಗ ಮತ್ತು ರೇಡಿಯೋ, ಆಮೇಲೆ ಪುಸ್ತಕ ಆಗಲಿ.

2. ಮುಂದಿನ ವಿಜ್ಞಾನ ದಿನದಲ್ಲಿ ನಾವು ಹೇಳಿ ಮುಗಿಸಿದ ಮೇಲೆ ಊರಿನವರು ನಮ್ಮನ್ನು ಪ್ರಶ್ನೆ ಕೇಳಲಿ. ಉತ್ತರ ಬರದಿದ್ದರೆ ಗೊತ್ತಿಲ್ಲ ಅಂತ ಹೇಳಿ, ತಿಳಿದುಕೊಂಡು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತೇವೆ. ಬಹುಮಾನದ ಪೆನ್ನು ಆಮೇಲೆ ಕೊಡಿ.

3. ಪ್ರವಾಸಕ್ಕೆ ಪ್ರತಿ ವರ್ಷ ಅದೇ ದೇವಸ್ಥಾನ, ಅದೇ ಪಾರ್ಕು ಆಗಿದೆ. ಗೌರಿಬಿದನೂರಿನ ಹತ್ತಿರ ಒಂದು ರೇಡಿಯೋ ವೀಕ್ಷಣಾಲಯ ಇದೆ. ಸೂರ್ಯನಿಂದ ಬರುವ ರೇಡಿಯೋ ತರಂಗಗಳನ್ನು ಅಲ್ಲಿ ಹೊಲದಂಥ ಬಯಲಲ್ಲಿ ಆಂಟೆನಾ ನೆಟ್ಟು ಹಿಡಿಯುತ್ತಾರೆ. ಒಪ್ಪಿಗೆ ಸಿಕ್ಕರೆ ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ.

ಸಹಪಾಠಿಗಳೇ, ತಪ್ಪು ನಮ್ಮದೂ ಇದೆ. ಅರ್ಥ ಆಯ್ತಾ ಅಂತ ಗುರುಗಳು ಕೇಳಿದಾಗ ಹೂಂ ಅಂತ ಒಟ್ಟಿಗೆ ಕೂಗೋರು ನಾವೇ. ಆರನೇ ತರಗತಿಯಲ್ಲಿ “ಸಾರ್, ಕ್ಷ-ಕಿರಣ ಏನು ಮಾಡುತ್ತೆ?” ಅಂತ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ನಗ್ತಾರೆ ಅಂತ ಹೆದರಿದೆ. ನೀವು ಹೆದರಬೇಡಿ.

ರೇಡಿಯೋ ನಾನು ತರ್ತೀನಿ, ಸೆಲ್ಲು ಯಾರಾದರೂ ತನ್ನಿ. ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ಇಲ್ಲೇ ತಿದ್ದಲಿ. ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯ ದೊಡ್ಡವರು ಕೇಳಿ ನಿಮಗೆ ಉತ್ತರ ಬರದೇ ಹೋದ ಪ್ರಶ್ನೆ ಇದ್ದರೆ ಅಲ್ಲಿ ಬರೆಯಿರಿ. ಮುಂದಿನ ಶನಿವಾರ ಎಲ್ಲರೂ ಸೇರಿ ಉತ್ತರ ಹುಡುಕೋಣ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ